ಪರದೆಯ ಕೆಳಗೆ ಉಳಿದ ಬಟನ್

ಮೊನ್ನೆ ಅಟ್ಟ ಖಾಲಿ ಮಾಡುವಾಗ ಹಳೆಯ ಡಿಸ್‌ಪ್ಲೇ ಕಾರ್ಡೊಂದು ಸಿಕ್ಕಿತು. ಕಂಪ್ಯೂಟರಿನ ಪರದೆಗೆ ಬಣ್ಣ ತುಂಬುವ ಅಂಗೈಯಗಲದ ಹಲಗೆ. ಉಫ್ ಎಂದು ಊದಿದೆ. ಕೆಂಪು ಧೂಳು ಮೂಗಿಗೇ ಬಂತು.

"ಆ ಗುಜರಿ ಒಗೀರಿ ಅತ್ಲಾಗ," ಎಂದಳು ಹೆಂಡತಿ.

ಸೀನು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಆ ಧೂಳು ನಿಮಗೂ ಗೊತ್ತಿರಬೇಕು. ಅದಿರಿನ ಲಾರಿಗಳು ಸಂಡೂರಿನ ರಸ್ತೆಯನ್ನು ಹಿಟ್ಟು ಮಾಡುತ್ತಿದ್ದ ಕಾಲ. ನಾನು ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿಯವನು, ಓದಿದ್ದು ಬಿ.ಕಾಂ., ಬೋರ್ಡಿನ ಮೇಲೆ ಮಾತ್ರ ಎಂಜಿನಿಯರ್. ಒಂದು ಗಣಿ ಕಂಪನಿ ತನ್ನ ಹಳೆಯ ಕಂಪ್ಯೂಟರನ್ನು, ಪ್ರಿಂಟರ್ ಸಮೇತ, ಬಂಡ್ರಿಯ ಶಾಲೆಗೆ ದಾನ ಕೊಟ್ಟಿತು. ಕೊಡುವ ಮುಂಚೆ ಮ್ಯಾನೇಜರು ನನ್ನನ್ನು ಕರೆದ.

"ಚಲೋ ಕಾರ್ಡ್ ಐತದು, ಬಿಚ್ಚಿ ನೀವ ಇಟ್ಕೊಳ್ರಿ. ಹುಡುಗ್ರಿಗೆ ಅಷ್ಟು ಬಣ್ಣ ಯಾಕ ಬೇಕು? ದಾನದ ಫೋಟೋದಾಗ ಸ್ಕ್ರೀನ್ ಹತ್ತಿದ್ರ ಸಾಕು."

ದಾನ ಬಂದ ದನದ ಹಲ್ಲು ಎಣಿಸಬಾರದಂತೆ. ಇವರು ಹಲ್ಲು ಕಿತ್ತೇ ದಾನ ಕೊಟ್ಟರು. ಕಿತ್ತವನು ನಾನು.

ಅಲ್ಲಿನ ಶಾಂತಾ ಟೀಚರಿಗೆ ಬಣ್ಣ ಬೇಕಿರಲಿಲ್ಲ, ಕನ್ನಡ ಬೇಕಿತ್ತು. ಶಾಲೆ ಬಿಡುವ ಹೊತ್ತಿಗೆ ಲಾರಿ ನಿಲ್ಲಿಸಿ ಎಂದು ಕೈಯಲ್ಲಿ ಬರೆದ ಅರ್ಜಿಯನ್ನು ತಾಲ್ಲೂಕು ಕಚೇರಿಯ ಸಾಹೇಬರು ಟೈಪು ಮಾಡಿಸಿ ತನ್ನಿ ಎಂದು ಹಿಂದಿರುಗಿಸಿದ್ದರು. ಸಂಡೂರಿನ ಟೈಪಿನ ಅಂಗಡಿಯವನು ಅರ್ಜಿಯಲ್ಲಿ ಕಂಪನಿಯ ಹೆಸರು ಕಂಡು, ಆಗದೆಂದು ಕೈಮುಗಿದಿದ್ದ.

"ಕನ್ನಡ ಹಾಕಿ ಕೊಡ್ರಿ ಸರ, ಭಾಳ ಜರೂರ ಐತಿ."

ಕನ್ನಡ ತಂತ್ರಾಂಶದ ಸೀಡಿ ಹಾಕಿದೆ. ಕಾರ್ಡಿಲ್ಲದೆ, ಕಂಪ್ಯೂಟರಿನೊಳಗಿನ ಸಾದಾ ಚಿಪ್ಪಿನಿಂದಲೇ ಹತ್ತಿದ ಪರದೆಯಲ್ಲಿ ಬಣ್ಣ ಹದಿನಾರೇ, ಎಲ್ಲವೂ ಊದಿಕೊಂಡು ದಪ್ಪ. ಇನ್‌ಸ್ಟಾಲ್ ಮಾಡುವ ಚೌಕ ಪರದೆಯನ್ನೂ ಮೀರಿ, 'ನೆಕ್ಸ್ಟ್' ಎಂಬ ಬಟನ್ ಕೆಳಗೆಲ್ಲೋ ಮುಳುಗಿತ್ತು. ಎಳೆದೆ, ತಳ್ಳಿದೆ, ಮೂರು ಸಲ ಆರಿಸಿ ಹಚ್ಚಿದೆ.

"ಹಳೇ ಮಷೀನ್ರಿ. ಒತ್ತೋ ಬಟನ್ ಕೆಳಗ ಹೋಗಿ ಕಾಣವಲ್ದು. ಕನ್ನಡ ಕೂಡಂಗಿಲ್ಲ," ಎಂದೆ. ಕಾರ್ಡು ನನ್ನ ಚೀಲದಲ್ಲೇ ಇತ್ತು.

"ಬಟನ್ ಕೆಳಗ ಐತಲ್ರಿ? ಕಾಣಂಗಿಲ್ಲ ಅಂದ್ರ ಇಲ್ಲ ಅಂತೇನ್ರಿ?"

"ನೀವು ಪಾಠ ಹೇಳ್ರಿ ಟೀಚರ. ಇದು ನನಗ ಬಿಡ್ರಿ," ಎಂದು ಗದರಿ, ಸೀಡಿಯನ್ನೂ ಅಲ್ಲೇ ಮರೆತು ಬಂದೆ. ಕಳ್ಳನಿಗೆ ಸಿಟ್ಟು ಬೇಗ ಬರುತ್ತದೆ.

ಹದಿನೈದು ದಿನಕ್ಕೆ ಪ್ರಿಂಟರಿಗೆ ರಿಬ್ಬನ್ ಹಾಕಲು ಶಾಲೆಯಿಂದ ಕರೆದರು. ಹೋದರೆ ಪರದೆಯ ತುಂಬ ದಪ್ಪ ದಪ್ಪ ಕನ್ನಡ!

"ಎಂಟರ್ ಒತ್ಕೊಂತ ಹೋದ್ನಿರಿ. ಕತ್ತಲ್ದಾಗ ಬಾಗ್ಲಾ ಬಡೀತೀವಲ್ರಿ, ಹಂಗ," ಎಂದರು ಟೀಚರು.

ಅರ್ಜಿಯ ಕೊನೆಯ ಸಾಲು ಓದಿದೆ: 'ಇದನ್ನು ಕಂಪನಿಯವರು ದಯಪಾಲಿಸಿದ ಕಂಪ್ಯೂಟರಿನಲ್ಲೇ ಟೈಪು ಮಾಡಲಾಗಿದೆ.' ಮುಂದೆ ಶಾಲೆ ಬಿಡುವಾಗ ಅರ್ಧ ಗಂಟೆ ಲಾರಿಗಳು ನಿಂತವು. ರಿಬ್ಬನ್ ಹಾಕಲು ಹೋದ ದಿನವೂ ನಾನು ಚೀಲದಿಂದ ಕಾರ್ಡು ಹೊರಗೆ ತೆಗೆಯಲಿಲ್ಲ. ಇಷ್ಟು ವರ್ಷ ಬೈದದ್ದು ಮ್ಯಾನೇಜರನನ್ನು ಮಾತ್ರ.

"ಒಗೀರಿ ಅಂದ್ನಲ್ರಿ," ಹೆಂಡತಿ ಗುಜರಿಯ ಚೀಲ ಹಿಡಿದು ನಿಂತಿದ್ದಳು.

"ಬ್ಯಾಡ," ಎಂದೆ. "ಅದು ನಮ್ದಲ್ಲ. ಬಂಡ್ರಿ ಸಾಲೀದು."