ಹತ್ತು ಗಂಟೆಯ ನಿದ್ದೆ

ಹಿಟ್ಟು ಇನ್ನೂ ಕೈಗೆ ಅಂಟುವ ಹದದಲ್ಲೇ ಇದೆ. ಇನ್ನೆರಡು ಸಲ ಮಗುಚಿ ನಾದಿ, ಬಟ್ಟೆ ಮುಚ್ಚಿ ಒಲೆಯ ಪಕ್ಕ ಇಟ್ಟರಾಯಿತು ಅನ್ನುವಷ್ಟರಲ್ಲಿ ಬಾಗಿಲಿಗೆ ಯಾರೋ ಮೊಣಕಾಲಿನಿಂದ ಗುದ್ದಿದ ಸದ್ದು. ಎರಡೂ ಕೈ ತುಂಬಿದವರು ಮಾತ್ರ ಹಾಗೆ ಬಾಗಿಲು ಬಡಿಯುತ್ತಾರೆ. ಕಲ್ತೂಮಾ ಮೊಣಕೈಯಲ್ಲೇ ಅಗುಳಿ ಸರಿಸುತ್ತಾರೆ. ಹೊರಗೆ ಕತ್ತಲಲ್ಲಿ ಇಜ್ಜಾ. ಬೆನ್ನ ಮೇಲೆ ಬುಟ್ಟಿ, ತೋಳಿನಲ್ಲಿ ಕಂಬಳಿ ಸುತ್ತಿದ ಮಗಳು.

"ತಗೋ ಲಲ್ಲಾ."

"ಕೈಯೆಲ್ಲಾ ಹಿಟ್ಟು ಕಣೇ, ತಡಿ."

"ಹಿಟ್ಟು ಒಣಗಿದ್ರೆ ಉದುರುತ್ತೆ. ಹೂವು ಬಿಸಿಲು ಕಂಡ್ರೆ ಹೋಯ್ತು."

ಮಗು ಒಂದು ತೋಳಿನಿಂದ ಇನ್ನೊಂದು ತೋಳಿಗೆ ಬರುತ್ತದೆ, ನಿದ್ದೆ ಕೆಡುವುದಿಲ್ಲ. ಕಪ್ಪು ಕಂಬಳಿಯ ಮೇಲೆ ಹಿಟ್ಟಿನ ಐದು ಬೆರಳು ಮೂಡುತ್ತವೆ. ಇಜ್ಜಾ ಆಗಲೇ ಇಳಿಜಾರಿನಲ್ಲಿ ಅರ್ಧ ದಾರಿ ಇಳಿದಾಗಿದೆ. ಗಂಟೆ ನಾಲ್ಕೂಮುಕ್ಕಾಲು.

ಮೊರಾಕೊದ ಸಿರ್ವಾ ಬೆಟ್ಟದ ಮಗ್ಗುಲಲ್ಲಿ, ಅರವತ್ತು ಮನೆಗಳ ತಿಮ್ಜಿಲ್ ಹಳ್ಳಿಯಲ್ಲಿ, ಕೇಸರಿ ಹೂ ಬಿಡುವ ಮೂರು ವಾರ ಹೀಗೆಯೇ. ಬಿಸಿಲು ಬಿದ್ದು ದಳ ಬಿಚ್ಚುವುದರೊಳಗೆ ಹೂವು ಬುಟ್ಟಿಗೆ ಬಂದಿರಬೇಕು. ಗಂಡಸರು ಹೆಚ್ಚಿನವರು ಕಾಸಾಬ್ಲಾಂಕಾದ ಅಂಗಡಿಗಳಲ್ಲೋ ಅಗಾದಿರ್‌ನ ಬಂದರಿನಲ್ಲೋ ಇದ್ದಾರೆ. ಬಗ್ಗಿ ಹೂ ಬಿಡಿಸುವವರು ಹೆಂಗಸರು. ಅವರ ಮಕ್ಕಳನ್ನು ಎತ್ತಿಕೊಳ್ಳುವವರು ಕಲ್ತೂಮಾ ಒಬ್ಬರೇ. ಊರೆಲ್ಲ ಅವರನ್ನು ಗೌರವದಿಂದ 'ಲಲ್ಲಾ', ಎಂದರೆ ಅಮ್ಮಾವ್ರು, ಅನ್ನುತ್ತದೆ. ಐದೂವರೆಯ ಹೊತ್ತಿಗೆ ಹತ್ತೊಂಬತ್ತು ಜೊತೆ ಪುಟ್ಟ ಚಪ್ಪಲಿಗಳು ಬಾಗಿಲ ಬಳಿ ಸೇರುತ್ತವೆ. ಎಡಗಾಲಿನದು ಬಲಕ್ಕೆ ಹಾಕಿಕೊಂಡು ಬಂದವರು ದಿನಕ್ಕೆ ನಾಲ್ವರಾದರೂ ಇರುತ್ತಾರೆ. ಒದ್ದೆಯಾದ ಚಡ್ಡಿಗಳು ಎರಡೋ ಮೂರೋ. ಅವಕ್ಕೆ ಒಲೆಯ ಮೇಲೆ ಒಂದು ಹಗ್ಗ ಕಟ್ಟಿದೆ.

ಕಲ್ತೂಮಾಗೆ ಈಗ ನಲವತ್ಮೂರು. ಬೆಟ್ಟದ ಆಚೆ ಕಣಿವೆಯಿಂದ ಈ ಊರಿಗೆ ಮದುವೆಯಾಗಿ ಬಂದವರು. ಗಂಡ ದುಡಿಯಲು ಪಟ್ಟಣಕ್ಕೆ ಹೋದ, ಮೂರನೆಯ ವರ್ಷ ತಲಾಖಿನ ಕಾಗದ ಕಳಿಸಿದ. ತವರಿಗೆ ಹೊರಡಲು ಗಂಟು ಕಟ್ಟಿದ್ದ ದಿನವೇ ಊರಿನ ಸಂಘದ ಹಿರಿಯ ಬಿಹಿ ಬಂದು, ಮಸೀದಿಯ ಪಕ್ಕದ ಖಾಲಿ ಕೋಣೆಯ ಬೀಗದ ಕೈ ಕೊಟ್ಟರಂತೆ. "ಓದಿದೋಳು ನೀನೊಬ್ಳೇ ಇದ್ದೀಯ. ಮಕ್ಕಳನ್ನ ನೋಡ್ಕೋತೀಯಾ ಅಂದ್ರು. ಗಂಟು ಬಿಚ್ಚಿದೆ. ಹದಿನಾಲ್ಕು ವರ್ಷ ಆಯ್ತು," ಎನ್ನುತ್ತಾರೆ, ಹಿಟ್ಟಿನ ಕೈ ತೊಳೆಯುತ್ತಾ.

ಮೊದಲ ಆರು ವರ್ಷ ಸಂಬಳವೆಂದರೆ ಮನೆಗೊಂದು ಅಳತೆ ಬಾರ್ಲಿ, ಚಳಿಗಾಲಕ್ಕೆ ಸೌದೆ. ಆಮೇಲೆ ಸರ್ಕಾರ ಇಂಥ ಊರ ಶಿಶುಶಾಲೆಗಳಿಗೆ ಸಂಘದ ಮೂಲಕ ಹಣ ಕೊಡಲು ಶುರುಮಾಡಿತು. ಮೂರು ವರ್ಷಕ್ಕೊಂದು ಒಪ್ಪಂದ. ಶಿಕ್ಷಕಿಯ ಸಂಬಳ, ಬಣ್ಣದ ಕಡ್ಡಿ, ಚಾಪೆ ಅವರದು. ಕೋಣೆ, ಸೌದೆ, ಬೆಳಗಿನ ಗಂಜಿ ಊರಿನದು.

ಶಿಶುಶಾಲೆಗೂ ಮೊದಲು ಏನಿತ್ತು ಎಂದು ಇಜ್ಜಾ ನಗುತ್ತಲೇ ಹೇಳುತ್ತಾರೆ. "ನನ್ನನ್ನ ಅಮ್ಮ ಬಾದಾಮಿ ಮರಕ್ಕೆ ಕಟ್ಟಿ ಹೂ ಬಿಡಿಸ್ತಿದ್ಳು. ಸೊಂಟಕ್ಕೆ ಹಗ್ಗ. ಕಾಲುವೆಗೆ ಉರುಳಬಾರದಲ್ಲ? ಆ ಕಡೆ ಮರಕ್ಕೆ ಕತ್ತೆ, ಈ ಕಡೆ ಮರಕ್ಕೆ ನಾನು. ಕತ್ತೆಗಾದ್ರೂ ಹುಲ್ಲು ಹಾಕೋರು."

ಕಳೆದ ವರ್ಷ ಹೂವಿನ ಎರಡನೆಯ ವಾರ, ಹೇಳದೆ ಕೇಳದೆ ಪಟ್ಟಣದ ಕಚೇರಿಯಿಂದ ತಪಾಸಣೆಗೆ ಒಬ್ಬ ಹುಡುಗಿ ಬಂದಳು. ಬೆಳಿಗ್ಗೆ ಹತ್ತೂಕಾಲು. ನಾಲ್ಕಕ್ಕೇ ಎದ್ದ ಮಕ್ಕಳು ಹತ್ತು ಗಂಟೆಗೆ ಏನು ಮಾಡುತ್ತಾರೆಂದು ತಾಯಂದಿರಿಗೆಲ್ಲ ಗೊತ್ತು. ಹತ್ತೊಂಬತ್ತು ಮಕ್ಕಳೂ ಚಾಪೆಯ ಮೇಲೆ ಸಾಲಾಗಿ ಮಲಗಿದ್ದರು. ಗೋಡೆಗೆ ಒರಗಿ, ತೊಡೆಯ ಮೇಲೆ ಎರಡು ವರ್ಷದ ಕೂಸನ್ನು ಹಾಕಿಕೊಂಡು ಕಲ್ತೂಮಾ ಕೂಡ ಕಣ್ಣು ಮುಚ್ಚಿದ್ದರು. ವರದಿಯಲ್ಲಿ ಎರಡೇ ಸಾಲು: ಪಾಠ ನಡೆಯುತ್ತಿರಲಿಲ್ಲ, ಮಕ್ಕಳೂ ಶಿಕ್ಷಕಿಯೂ ನಿದ್ದೆಯಲ್ಲಿದ್ದರು. ನಾಲ್ಕು ವರ್ಷ ತುಂಬದ, ಪಟ್ಟಿಯಲ್ಲಿಲ್ಲದ ಮೂರು ಮಕ್ಕಳು ಕಂಡುಬಂದರು.

ಮೂರು ವರ್ಷದ ಒಪ್ಪಂದ ಒಂದೇ ವರ್ಷಕ್ಕೆ ಇಳಿಯಿತು. ಇದೇ ಹೂವಿನ ಕಾಲದಲ್ಲಿ ಮತ್ತೆ ತಪಾಸಣೆ. ಆಗಲೂ ಹೀಗೇ ಕಂಡರೆ ತಿಮ್ಜಿಲ್‌ನ ಕೋಣೆ ಮುಚ್ಚಿ, ಮಕ್ಕಳನ್ನು ಪಟ್ಟಣದ ದೊಡ್ಡ ಶಾಲೆಗೆ ಸೇರಿಸುತ್ತಾರೆ, ಕಲ್ತೂಮಾರನ್ನೂ ಅಲ್ಲಿಗೇ ಕರೆಸಿಕೊಳ್ಳುತ್ತಾರೆ. ಅಲ್ಲಿಂದ ವ್ಯಾನು ಬರುವುದು ಬೆಳಿಗ್ಗೆ ಎಂಟಕ್ಕೆ. ಪಟ್ಟಿಯಲ್ಲಿಲ್ಲದ ಮೂವರಿಗೆ ವ್ಯಾನೂ ಇಲ್ಲ.

ಸಂಘದ ಸಭೆಯಲ್ಲಿ ಬಿಹಿ ಒಂದು ಉಪಾಯ ಹೇಳಿದರು. ಈ ಮೂರು ವಾರ ಒಂಬತ್ತಾದ ಮೇಲೆ ಬಾಗಿಲು ತೆಗೆ, ಮಕ್ಕಳು ಎಚ್ಚರವಾಗಿರುತ್ತಾರೆ, ಅವರು ಬಂದು ನೋಡಿಹೋಗಲಿ.

"ಹೂವಿಗೂ ಒಂಬತ್ತಕ್ಕೆ ಅರಳು ಅಂತ ಹೇಳ್ತೀರಾ ಬಿಹಿ ಅಣ್ಣ?"

"ನಾನು ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ತಂಗಿ."

"ಗೊತ್ತು. ಮೂರು ವಾರ ಮಕ್ಕಳನ್ನ ಮತ್ತೆ ಮರಕ್ಕೆ ಕಟ್ಬೇಕಾಗುತ್ತೆ, ಅದೂ ನಿಮಗೆ ಗೊತ್ತು."

ಆ ರಾತ್ರಿಯೇ ಕಲ್ತೂಮಾ ದಪ್ಪ ಕಾಗದದ ಮೇಲೆ ಹೊಸ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರು. ನಾಲ್ಕೂವರೆ: ಮಕ್ಕಳು ಬರುವುದು. ಆರು: ಗಂಜಿ, ಕೈ ಬಾಯಿ ತೊಳೆಯುವುದು. ಏಳು: ಅಕ್ಷರ, ಹಾಡು. ಒಂಬತ್ತು: ಅಂಗಳದಲ್ಲಿ ಆಟ. ಹತ್ತು: ನಿದ್ದೆ. ಬಿಹಿ ಅದನ್ನು ಎರಡು ಸಲ ಓದಿದರು. "ನಿದ್ದೆಗೂ ದುಡ್ಡು ಕೊಡಿ ಅಂತ ಸರ್ಕಾರಾನ ಕೇಳ್ತೀಯಾ?"

"ಹತ್ತೊಂಬತ್ತು ಮಕ್ಕಳನ್ನ ಒಟ್ಟಿಗೆ ಮಲಗಿಸಿ ನೋಡಿ ಅಣ್ಣ. ಆಮೇಲೆ ಅದು ಕೆಲಸ ಅಲ್ಲ ಅನ್ನಿ."

ಇವತ್ತು ಅಕ್ಷರದ ಪಾಠ ನಡೆಯುತ್ತಿರುವಾಗ ಇಜ್ಜಾರ ಮಗಳು, ಐದು ವರ್ಷದ ತಿಲಿಲಾ, ಎದ್ದು ಬಂದು ಕಲ್ತೂಮಾರ ಪಕ್ಕ ನಿಲ್ಲುತ್ತಾಳೆ. ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ.

"ಏನು ಮರಿ?"

"ಏನಿಲ್ಲ."

ಒಂದು ವಾರದಿಂದ ಹೀಗೆ. ಮನೆಯಲ್ಲಿ ಹೆಂಗಸರು ಆಡಿದ ಮಾತು ಏನೋ ಕಿವಿಗೆ ಬಿದ್ದಿರಬೇಕು. "ಗಂಟಲಲ್ಲಿ ಏನೋ ಇಟ್ಕೊಂಡಿದ್ದಾಳೆ. ಬಲವಂತ ಮಾಡಿದ್ರೆ ನುಂಗ್ಬಿಡ್ತಾರೆ ಮಕ್ಕಳು," ಎಂದು ಕಲ್ತೂಮಾ ಅವಳ ಮೂಗು ಒರೆಸಿ ಕಳಿಸುತ್ತಾರೆ.

ಹತ್ತು ಕಳೆದು ಇಪ್ಪತ್ತು ನಿಮಿಷ. ಕೊನೆಯ ಮಗುವಿನ ಉಸಿರು ಈಗಷ್ಟೇ ನಿಧಾನವಾಗಿದೆ. ಕಾರು ನಿಂತ ಸದ್ದು. ಹೋದ ವರ್ಷದ ಹುಡುಗಿಯೇ. ಹೊಸ್ತಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದು, ಚಾಪೆಯ ಉದ್ದಕ್ಕೂ ನೋಡುತ್ತಾಳೆ.

"ಪಾಠ?" ಪಿಸುದನಿಯಲ್ಲಿ ಕೇಳುತ್ತಾಳೆ.

"ನಡೀತಿದೆ." ಕಲ್ತೂಮಾ ಗೋಡೆಯತ್ತ ಗದ್ದ ಎತ್ತುತ್ತಾರೆ.

ಹುಡುಗಿ ವೇಳಾಪಟ್ಟಿಯನ್ನು ಮೇಲಿನಿಂದ ಕೆಳಗಿನ ತನಕ ಓದುತ್ತಾಳೆ. "ಹೀಗೆ ಯಾರೂ ಬರೆಯಲ್ಲ ಲಲ್ಲಾ."

"ಹೀಗೆ ಯಾರೂ ಏಳಲ್ಲ ಮಗಳೇ."

"ಈ ಮೂರು ಕೂಸು ಈ ಸಲಾನೂ ಪಟ್ಟಿಯಲ್ಲಿಲ್ಲ."

"ತೋಟದಲ್ಲೂ ಅವಕ್ಕೆ ಜಾಗ ಇಲ್ಲ."

ಹುಡುಗಿ ಬರೆದುಕೊಳ್ಳುತ್ತಾಳೆ. ಚಹಾ ಬೇಡ, ಇನ್ನೂ ಎರಡು ಊರು ಇದೆ. "ನೋಡಿದ್ದನ್ನ ಬರೀತೀನಿ ಅಷ್ಟೆ. ತೀರ್ಮಾನ ಮಾಡೋರು ಮೇಲಿನವರು. ಪತ್ರ ಬರುತ್ತೆ." ಬೂಟಿನ ಲೇಸು ಕಟ್ಟುತ್ತಾ, ಮಲಗಿದವರನ್ನು ಇನ್ನೊಮ್ಮೆ ತಿರುಗಿ ನೋಡಿ ಹೊರಡುತ್ತಾಳೆ.

ನಿಮಗೆ ಏನಾಗಬೇಕು ಎಂದು ಯಾರಾದರೂ ಕೇಳಿದರೆ ಕಲ್ತೂಮಾರ ಬಳಿ ದೊಡ್ಡ ಉತ್ತರವಿಲ್ಲ. "ಒಪ್ಪಂದಕ್ಕೆ ತುಂಬೋ ಅರ್ಜಿಯಲ್ಲಿ ಮಕ್ಕಳು ಬರೋ ಹೊತ್ತು ಅಂತ ಒಂದು ಖಾನೆ ಇದೆ. ಅದ್ರಲ್ಲಿ ನಾಲ್ಕೂವರೆ ಅಂತ ಬರೆದ್ರೆ ಯಾರೂ ಗೀಟು ಹಾಕ್ಬಾರ್ದು. ಅಷ್ಟು ಸಾಕು."

ಊರಿಗೆ ಅವರ ಮೇಲೆ ಗೌರವ ಬಹಳ. ಆ ಗೌರವಕ್ಕೇ ಒಂದು ಬೇಲಿಯೂ ಇದೆ. ಶುಕ್ರವಾರ ಮಧ್ಯಾಹ್ನ ಯಾವುದಾದರೂ ಮನೆಯಿಂದ ಹಬೆಯಲ್ಲಿ ಬೇಯಿಸಿದ ರವೆಯ ಕುಸ್‌ಕುಸ್ ತುಂಬಿದ ಬಟ್ಟಲು ಬಂದೇ ಬರುತ್ತದೆ, ಮೇಲೆ ಕುಂಬಳದ ಹೋಳು, ಮಾಂಸದ ತುಂಡು. ತಂದ ಮಗು ಅದನ್ನು ಹೊಸ್ತಿಲಲ್ಲಿಟ್ಟು ಓಡುತ್ತದೆ, ಮನೆಯಲ್ಲಿ ಎಲ್ಲರೂ ಒಂದೇ ತಟ್ಟೆಯ ಸುತ್ತ ಕಾಯುತ್ತಿರುತ್ತಾರೆ. ಲಲ್ಲಾರನ್ನು ಆ ತಟ್ಟೆಗೆ ಕರೆಯುವುದು ಹೇಗೆಂದು ಯಾರಿಗೂ ಹೊಳೆದಿಲ್ಲ. "ಬಟ್ಟಲು ಆರು ಜನಕ್ಕಾಗುವಷ್ಟು ಇರುತ್ತೆ. ಎರಡು ದಿನ ಅದನ್ನೇ ತಿಂತೀನಿ," ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ.

ಹಬ್ಬಕ್ಕೆ ಗಂಡಸರು ಊರಿಗೆ ಬರುವ ವಾರ ಶಿಶುಶಾಲೆಗೆ ರಜೆ. ಆಗ ಅವರು ಕೋಣೆಗೆ ಸುಣ್ಣ ಬಳಿಯುತ್ತಾರೆ, ಹಗ್ಗದ ಮೇಲಿನ ಚಡ್ಡಿಗಳಿಗೆ ಗುಂಡಿ ಹೊಲಿಯುತ್ತಾರೆ. ಸುಣ್ಣ ಒಣಗುವ ತನಕ ಅಂಗಳದಲ್ಲಿ ಕೂತು, ಪಕ್ಕದ ಮನೆಗಳಿಂದ ಬರುವ ಮಾತು ಕೇಳುತ್ತಾರೆ. ಯಾವ ಮಗು ಯಾಕೆ ಅಳುತ್ತಿದೆ ಎಂದು ಗೋಡೆಯ ಈಚೆಯಿಂದಲೇ ಹೇಳಬಲ್ಲರು.

ಮಧ್ಯಾಹ್ನದ ನಂತರ ಹೆಂಗಸರು ಮನೆಮನೆಗಳಲ್ಲಿ ಹೂವಿನ ರಾಶಿಯ ಸುತ್ತ ಕೂತು ಕೆಂಪು ಎಳೆ ಬಿಡಿಸುತ್ತಾರೆ. ಅದು ಮುಗಿದಂತೆ ಒಬ್ಬೊಬ್ಬರೇ ಬರುತ್ತಾರೆ. ಬೆರಳೆಲ್ಲ ಹಳದಿ. "ಪತ್ರ ಯಾವಾಗಂತೆ ಲಲ್ಲಾ?" ಎಂದು ಕೇಳುತ್ತಾರೆ, ಉತ್ತರಕ್ಕೆ ಮೊದಲೇ ಮಗುವಿನ ಚಪ್ಪಲಿ ಹುಡುಕುತ್ತಾರೆ. ಹೊತ್ತು ಇಳಿಯುವಾಗ ಹದಿನೆಂಟು ಜೊತೆ ಹೋಗಿ ಒಂದೇ ಜೊತೆ ಉಳಿಯುತ್ತದೆ. ಇಜ್ಜಾರ ರಾಶಿ ಈ ಸಲ ದೊಡ್ಡದು, ತಡವಾಗಿದೆ.

ಕಲ್ತೂಮಾ ಚಾಪೆ ಸುತ್ತುತ್ತಾರೆ. ತಿಲಿಲಾ ಇನ್ನೊಂದು ತುದಿ ಹಿಡಿದು, ನಾಲಗೆ ಕಚ್ಚಿ, ತನ್ನ ಪಾಲಿನದನ್ನು ಸುತ್ತುತ್ತಾಳೆ. ಚಾಪೆಯ ನಡುವಿಗೆ ಬಂದಾಗ ಇಬ್ಬರ ಹಣೆಗಳೂ ತಾಗುವಷ್ಟು ಹತ್ತಿರವಾಗುತ್ತವೆ. ದೂರದ ಇಳಿಜಾರಿನಲ್ಲಿ ಇಜ್ಜಾ ಬರುತ್ತಿರುವುದು ಕಾಣಿಸುತ್ತದೆ.

"ಅಗೋ, ನಿನ್ನಮ್ಮ ಬಂದ್ಳು. ಚಪ್ಪಲಿ ಹಾಕ್ಕೋ."

ತಿಲಿಲಾ ಹೊಸ್ತಿಲಲ್ಲಿ ಕೂತು ಚಪ್ಪಲಿ ಹಾಕಿಕೊಳ್ಳುತ್ತಾಳೆ, ಎಡಗಾಲಿನದು ಎಡಕ್ಕೇ. ಎದ್ದು ನಿಲ್ಲುತ್ತಾಳೆ. ತಾಯಿಯ ಕಡೆ ಎರಡು ಹೆಜ್ಜೆ ಇಟ್ಟವಳು ತಿರುಗಿ ಬರುತ್ತಾಳೆ. ಖಾಲಿ ಕೋಣೆಯನ್ನು ಒಮ್ಮೆ ನೋಡುತ್ತಾಳೆ, ಬಾಯಿ ತೆರೆಯುತ್ತಾಳೆ. ಈ ಸಲ ಮುಚ್ಚುವುದಿಲ್ಲ.

"ಲಲ್ಲಾ, ನಿನ್ನ ಕರ್ಕೊಂಡು ಹೋಗೋಕೆ ಯಾರು ಬರ್ತಾರೆ?"