ತೂಬಿನ ಎಂಬ ಅಡ್ಡಹೆಸರು

ಹೊಸಪೇಟೆಯ ಒಂದು ಮನೆಗೆ ನೀರಿನ ಫಿಲ್ಟರ್ ರಿಪೇರಿಗೆ ಹೋಗಿದ್ದೆ. ಮನೆಯ ಯಜಮಾನರು ನನ್ನ ಕೊರಳಲ್ಲಿದ್ದ ಐಡಿ ಕಾರ್ಡ್ ಓದಿ, "ತೂಬಿನ? ಈ ಅಡ್ಡಹೆಸರು ಎಲ್ಲೂ ಕೇಳಿಲ್ಲ ನೋಡ್ರಿ" ಅಂದರು.

ಹೆಸರಿನ ಬಗ್ಗೆ ಕೇಳುವವರೇ ಕಡಿಮೆ. ಹುರುಪಿನಿಂದ ಹೇಳಿದೆ. ನಮ್ಮದು ಎಮ್ಮಿಗನೂರು. ಕಾಲುವೆಯ ತೂಬು ಎತ್ತಿ ಊರವರ ಗದ್ದೆಗಳಿಗೆ ನೀರು ಬಿಡುವುದು ನಮ್ಮ ಮನೆತನದ ಕೆಲಸವಾಗಿತ್ತು. ಈಗ ಆ ಹೆಸರಿನವು ನಾಲ್ಕೇ ಮನೆ ಉಳಿದಿವೆ.

"ನಮ್ಮ ಗದ್ದಿನೂ ಅಲ್ಲೇ ಅದಾವ. ನಿಮ್ಮ ಅಜ್ಜಾರು ಬಿಟ್ಟ ನೀರಿಗೇ ನಾವು ಭತ್ತ ಬೆಳೆದದ್ದು. ಕುಂದ್ರಿ, ಕುಂದ್ರಿ" ಎಂದು ಕುರ್ಚಿ ಎಳೆದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಮನಿ ಊರಾಗೋ, ಕೇರಿಯಾಗೋ?" ಎಂದು ಕೇಳಿದರು.

"ಕೇರಿಯಾಗ್ರಿ."

ಕೆಲಸ ಮುಗಿದ ಮೇಲೆ ಎಂದಿನಂತೆ ಫಿಲ್ಟರಿನಿಂದ ಮೊದಲ ಲೋಟ ನೀರು ಹಿಡಿದು, ರುಚಿ ನೋಡಲು ಅವರಿಗೆ ಕೊಟ್ಟೆ.

"ಅಲ್ಲೇ ಇಡ್ರಿ."

ನಾನು ಸಾಮಾನು ಚೀಲಕ್ಕೆ ತುಂಬುವಷ್ಟರಲ್ಲಿ ಆ ನೀರನ್ನು ಸಿಂಕಿಗೆ ಸುರಿದು, ಲೋಟವನ್ನು ಎರಡು ಸಲ ತೊಳೆದರು. ನನ್ನ ಫಾರ್ಮಿನಲ್ಲಿ ನೀರಿನ ರುಚಿ ಹೇಗಿದೆ ಎಂಬಲ್ಲಿ ‘ಉತ್ತಮ’ ಎಂದು ಬರೆದು ಸಹಿ ಹಾಕಿದರು.

ಒಂದು ಗುಟುಕೂ ಕುಡಿದಿರಲಿಲ್ಲ. ನಮ್ಮ ನೀರಿನ ರುಚಿ ಅವರ ಮನೆತನಕ್ಕೆ ಮೊದಲಿಂದಲೂ ಗೊತ್ತಿರಬೇಕು.