ಹುಳದ ಮನೆಗೆ ಬಣ್ಣ ಹೊಡೆದವರು

ಪೇಂಟರ್ ಸಾಬರ ಬಲಗೆನ್ನೆ ಯಾವಾಗಲೂ ಬೆಳ್ಳಗಿರುತ್ತಿತ್ತು. ಕೆಲಸ ಒಪ್ಪಿಕೊಳ್ಳುವ ಮುಂಚೆ ಅವರು ಗೋಡೆಗೆ ಕೆನ್ನೆಯೊತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹಳೇ ಸುಣ್ಣ ಗಡ್ಡಕ್ಕೂ ಮೆತ್ತಿಕೊಳ್ಳುತ್ತಿತ್ತು. ಕೈಯಲ್ಲಿ ಮುಟ್ಟಿ ನೋಡಿದರೆ ಸಾಲದೇ ಎಂದು ನಾನೊಮ್ಮೆ ರೇಗಿಸಿದ್ದೆ. "ಬ್ರಶ್ ಹಿಡುದು ಹಿಡುದು ಕೈ ಮರಗಟ್ಟೋಗೈತೆ ಗೌಡ್ರೆ. ಕೆನ್ನೆಗಾದ್ರೆ ತ್ಯಾವ ಗೊತ್ತಾಯ್ತದೆ" ಅಂದಿದ್ದರು.

ಚನ್ನಪಟ್ಟಣದಿಂದ ಬೆಳಗಿನ ರೈಲಿಗೆ ಬಿಡದಿಗೆ ಬಂದು ಅಲ್ಲಿಂದ ನಮ್ಮೂರಿಗೆ ನಡೆದೇ ಬರುತ್ತಿದ್ದರು. ದೇವರ ಪಟಗಳನ್ನು ಗೋಡೆಯಿಂದ ಇಳಿಸುವ ಮುಂಚೆ ಕೈಕಾಲು ತೊಳೆಯುತ್ತಿದ್ದರು. ಒಗೆದ ಪಂಚೆಯಲ್ಲಿ ಸುತ್ತಿಟ್ಟು, ಕೆಲಸ ಮುಗಿದ ಮೇಲೆ ಯಾವ ಮೊಳೆಯದನ್ನು ಆ ಮೊಳೆಗೇ ತೂಗುಹಾಕುತ್ತಿದ್ದರು. ನಮ್ಮವ್ವ ಅವರನ್ನು ಬಿಟ್ಟು ಬೇರೆ ಪೇಂಟರನ್ನು ಹೊಸ್ತಿಲು ದಾಟಿಸಲಿಲ್ಲ.

ಕಾರಿನ ಕಾರ್ಖಾನೆ ಬಂದು, ಅದರ ಬೆನ್ನಿಗೇ ಸಣ್ಣಪುಟ್ಟ ಶೆಡ್ಡುಗಳು ಎದ್ದ ಮೇಲೆ ನಮ್ಮೂರಲ್ಲಿ ದನದ ಕೊಟ್ಟಿಗೆಗೂ ಬಾಡಿಗೆಗೆ ಜನ ಸಿಕ್ಕುತ್ತಿದ್ದರು. ನಾನೂ ರೇಷ್ಮೆ ಹುಳು ಸಾಕುವುದನ್ನು ಬಿಟ್ಟು, ಹುಳದ ಮನೆಯನ್ನು ಮೂರು ಕೋಣೆ ಮಾಡಿದೆ. ಸೂರಿನ ಕೆಳಗಿದ್ದ ಗಾಳಿಕಿಂಡಿಗಳಿಂದ ಇಲಿ ಬರುತ್ತವೆಂದು ಅವನ್ನೆಲ್ಲ ಇಟ್ಟಿಗೆಯಿಟ್ಟು ಮುಚ್ಚಿಸಿದೆ. ಒಂದು ಮಳೆಗೇ ಒಳಗೋಡೆಗಳು ಬೂಷ್ಟು ಹಿಡಿದವು.

ಮೊದಲ ಕೋಣೆಗೆ ಗುಡೇಮಾರನಹಳ್ಳಿ ಕಡೆಯ ಹುಡುಗನೊಬ್ಬ ಬರುವವನಿದ್ದ. ಶೆಡ್ಡಿನಲ್ಲಿ ಕೆಲಸ, ಜೊತೆಗೆ ಬಾಣಂತಿ ಹೆಂಡತಿ, ಎಳೆಗೂಸು. ಸೋಮವಾರದಿಂದ ಆಷಾಢ. ಆಷಾಢದಲ್ಲಿ ನಮ್ಮ ಕಡೆ ಯಾರೂ ಮನೆ ಬದಲಿಸುವುದಿಲ್ಲ. ಶುಕ್ರವಾರ ಹಾಲುಕ್ಕಿಸದಿದ್ದರೆ ಅವನು ಬೇರೆ ಕಡೆ ನೋಡಿಕೊಳ್ಳುತ್ತಿದ್ದ.

ಬುಧವಾರ ಸಾಬರು ಬಂದು ಗೋಡೆಗೆ ಕೆನ್ನೆಯಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಗೋಡೆ ಇನ್ನೂ ಬೆವರ್ತಾ ಐತೆ ಗೌಡ್ರೆ. ಬೂಷ್ಟು ಕೆರೆದು, ಬ್ಲೀಚಿಂಗ್ ನೀರಲ್ಲಿ ತೊಳುದು, ಹದಿನೈದು ದಿನ ಒಣಗ್‌ಬುಡಿ. ಆಮೇಲೆ ಪ್ರೈಮರ್, ಆಮೇಲೆ ಬಣ್ಣ. ಮೊದ್ಲು ಆ ಕಿಂಡಿ ಬುಡುಸ್ಬೇಕು."

"ಎರಡೇ ದಿನ ಸಾಬ್ರೆ. ಶುಕ್ರವಾರ ಅವ್ರು ಬತ್ತಾರೆ."

"ಒಂದೊಂದು ಬೆಳೆಗೂ ಮುಂಚೆ ಹುಳಕ್ಕೆ ಅಂತ ಬ್ಲೀಚಿಂಗ್ ಹಾಕಿ ತೊಳೀತಿದ್ರಿ. ಹುಳಕ್ಕೆ ಗಾಳಿ ಬೇಕು ಅಂತ ಕಿಂಡಿ ಬುಟ್ಟಿದ್ರಿ. ಮನುಸ್ರಿಗೆ ಬ್ಯಾಡ್ವಾ?"

ನನಗೆ ಪಿತ್ತ ನೆತ್ತಿಗೇರಿತು. "ನಿಮ್ಮ ಕೈಲಾಗಲ್ಲ ಅಂದ್ರೆ ಯೋಳಿ, ಬೇರೆಯವ್ರನ್ನ ಕರೀತೀನಿ" ಅಂದೆ. ಅವರು ಬಕೆಟ್ಟು ಎತ್ತಿಕೊಂಡರು. ಆ ದಿನಗಳಲ್ಲಿ ಅವರಿಗೂ ಕೆಲಸ ಬೇಕಿತ್ತೇನೋ, ನಾನು ಕೇಳಲಿಲ್ಲ. ಶುಕ್ರವಾರ ಗೋಡೆ ಹಾಲಿನಂತಿತ್ತು. ಹಾಲೂ ಉಕ್ಕಿತು.

ಆಷಾಢ ಮುಗಿಯುವುದರೊಳಗೆ ತೊಟ್ಟಿಲ ಹಿಂದಿನ ಬಣ್ಣ ಹೊಪ್ಪಳೆಯಾಗಿ ಎದ್ದು, ಕೆಳಗಿನಿಂದ ಕರಿ ಬೂಷ್ಟು ಇಣುಕಿತು. ಕೂಸಿನ ಎದೆ ಗೊರಗೊರ ಎನ್ನತೊಡಗಿತು. ಹುಡುಗ ನಮ್ಮ ಜಗಲಿಗೆ ಬಂದು ನಾಲ್ಕು ಜನರೆದುರು ಕೇಳಿದ: "ಏನಣ್ಣಾ ಇದು? ಮಗ ಉಸ್ರು ಎಳ್ಕಳಕ್ಕೇ ಆಯ್ತಾ ಇಲ್ಲ."

"ಪೇಂಟ್ರು ಮೋಸ ಮಾಡ್ಬುಟ್ಟ ಕಣಪ್ಪಾ. ಪ್ರೈಮರೇ ಹೊಡ್ದಿಲ್ಲ" ಅಂದೆ. ಅಷ್ಟು ಸಲೀಸಾಗಿ ಬಾಯಿಗೆ ಬಂತು.

ಹೇಳಿ ಕಳುಹಿಸಿದ ಮಾರನೆಯ ದಿನವೇ ಸಾಬರು ಬಂದರು. ಅದೇ ಜನ ಸೇರಿದ್ದರು. ಪ್ರೈಮರ್ ಯಾಕೆ ಹೊಡೆಯಲಿಲ್ಲ ಎಂದು ಹುಡುಗ ಕೇಳಿದ. ಸಾಬರು ನನ್ನ ಮುಖ ನೋಡಿದರು. ನಾನು ಅಂಗಳದ ಕೋಳಿ ನೋಡುತ್ತಿದ್ದೆ.

"ಹೊಡ್ದಿರೋ ಕೈ ನಂದು. ತಪ್ಪೂ ನಂದೇ" ಅಂದರು. ಆಮೇಲೆ ಬಾಣಂತಿಯ ಕಡೆ ತಿರುಗಿ, "ತಾಯಿ, ಮಗೀನ ಒಸಿ ಆಚೆ ಕರ್ಕೊಂಡೋಗಿ" ಎಂದು ಒಳಹೋಗಿ ಏಣಿ ಹಾಕಿದರು. ನನ್ನನ್ನು ಒಂದು ಮಾತು ಕೇಳದೆ, ಉಳಿ ಸುತ್ತಿಗೆ ಹಿಡಿದು ಕಿಂಡಿಯ ಇಟ್ಟಿಗೆಗಳನ್ನು ಒಂದೊಂದಾಗಿ ಒಡೆದು ಕೆಳಗೆ ಕೆಡವಿದರು. ನಾನು ಕೂಗಾಡಿದೆ. ಅವರು ಇಳಿದು, ಬಿದ್ದ ಚೂರುಗಳನ್ನು ತಾವೇ ಗುಡಿಸಿ ಹೊರಟುಹೋದರು.

ಶ್ರಾವಣ ಬರುತ್ತಿದ್ದಂತೆ ಆ ಸಂಸಾರ ಕೋಣೆ ಖಾಲಿ ಮಾಡಿತು. ನಾನು ಕಿಂಡಿಯನ್ನು ಮತ್ತೆ ಮುಚ್ಚಿದೆ. ಹೌದು, ಮತ್ತೆ ಮುಚ್ಚಿದೆ. ಸಾಬರನ್ನು ನಮ್ಮೂರಲ್ಲಿ ಮತ್ಯಾರೂ ಕೆಲಸಕ್ಕೆ ಕರೆಯಲಿಲ್ಲ. ಹೊಸ ಗೋಡೌನುಗಳ ಎತ್ತರದ ತಗಡಿಗೆ ಬಣ್ಣ ಹೊಡೆಯುವ ಕೆಲಸಕ್ಕೆ ಹೋಗುತ್ತಿದ್ದಾರೆಂದು ಕೇಳಿದೆ, ಆ ವಯಸ್ಸಿನಲ್ಲಿ. ನಮ್ಮವ್ವ ಸಾಯುವವರೆಗೂ "ಸಾಬ್ರು ಅಂಥೋರಲ್ಲ ಕಣ್ಲಾ" ಅನ್ನುತ್ತಲೇ ಇದ್ದಳು. ಅವಳಿಗೂ ನಿಜ ಹೇಳಲಿಲ್ಲ.

ಸಾಬರು ತೀರಿಕೊಂಡ ಸುದ್ದಿ ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನಲ್ಲಿ ಕಿವಿಗೆ ಬಿತ್ತು. ಚನ್ನಪಟ್ಟಣಕ್ಕೆ ಹೋದೆ. ಅವರ ಹೆಂಡತಿ ಟೀ ಕೊಟ್ಟು, ನಾನು ಯಾವೂರೆಂದು ತಿಳಿದ ಮೇಲೆ ಇಷ್ಟೇ ಕೇಳಿದರು: "ನಿಮ್ ಮನೆ ಕಿಂಡಿ ತೆಗ್ದೇ ಐತಾ? ಯಾವಾಗ್ಲೂ ಯೋಳ್ತಿದ್ರು."

"ತೆಗ್ದೇ ಐತೆ ಅಮ್ಮಾ" ಅಂದೆ. ಸತ್ತವರ ಮನೆಯಲ್ಲಿ ಕೂತು ಇನ್ನೊಂದು ಸುಳ್ಳು.

ಊರಿಗೆ ಬಂದವನೇ ಏಣಿ ಹಾಕಿ ಮೂರು ಕೋಣೆಗಳ ಕಿಂಡಿಗಳನ್ನೂ ಒಡೆದೆ. ಅದರಿಂದ ಯಾರಿಗೆ ಏನಾಯಿತು? ಆ ಕೂಸು ಎಲ್ಲಿದೆಯೋ ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ಈಗಲೂ ಬಣ್ಣ ಕಿತ್ತುಬಂದರೆ ಸಾಬರ ಕೆಲಸ ಇದ್ದಂಗೈತೆ ಎಂದು ನಗುತ್ತಾರೆ. ನಾನೂ ಎಷ್ಟೋ ಸಲ ಜೊತೆಗೆ ನಕ್ಕಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಾಬರು ಪ್ರೈಮರ್ ಹೊಡೆದಿದ್ದರು. ಒಂದಲ್ಲ, ಎರಡು ಕೋಟು. ಅವರು ಹೊಡೆಯುವಾಗ ಕೆಳಗೆ ಏಣಿ ಹಿಡಿದು ನಿಂತಿದ್ದವನು ನಾನೇ.